ಚಕ್ಕಡಿಯಿಂದ ಇಳಿಯದೆ ಹೇಳಿದ ಹೆಸರು

ಆಗ ನಾನು ಗೋಕಾಕದಲ್ಲಿ ಸಾಲಿ ಮಾಸ್ತರ. ಚಿತ್ರಗಳಿದ್ದ ಒಂದೇ ಒಂದು ಪುಸ್ತಕ ಓದಿಕೊಂಡು, ಎಲ್ಲ ಹಾವುಗಳ ಗುರುತು ಬಲ್ಲೆನೆಂದು ಊರತುಂಬ ಹೇಳಿಕೊಂಡು ತಿರುಗುತ್ತಿದ್ದೆ. ಅದನ್ನು ಕೇಳಿದ ಬಿಳಿ ಸಾಹೇಬನೊಬ್ಬ ಮಮದಾಪುರದ ಕಡೆ ಶಿಕಾರಿಗೆ ಹೊರಟಾಗ ನನ್ನನ್ನೂ ಕರೆದೊಯ್ದ.

ದಾರಿಯಲ್ಲಿ ಹುಲ್ಲಿನೊಳಗಿಂದ ಹಾವೊಂದು ಎತ್ತುಗಳ ಕಾಲಡಿ ನುಗ್ಗಿತು. ಚಕ್ಕಡಿ ಹೊಡೆಯುತ್ತಿದ್ದ ರೈತ ಗಾಬರಿಯಿಂದ ಕೆಳಗೆ ಜಿಗಿದು ಬಡಿಗೆಯಿಂದ ಹೊಡೆದುಬಿಟ್ಟ. ಆಮೇಲೆ, “ಯಾವುದ್ರಿ ಮಾಸ್ತರ ಇದು?” ಎಂದ. ಸಾಹೇಬನೂ ನನ್ನ ಮುಖ ನೋಡುತ್ತಿದ್ದ. ನಾನು ಕುಳಿತಲ್ಲಿಂದಲೇ, “ನಾಗರ” ಎಂದೆ.

ರೈತನ ಕೈಯಿಂದ ಬಡಿಗೆ ಜಾರಿತು. ನಾಗಪ್ಪನನ್ನು ಕೊಂದವನು ಸಂಸ್ಕಾರ ಮಾಡದೆ ಮುಂದೆ ಹೋಗುವಂತಿಲ್ಲ. ಅವನು ತಲೆಯ ರುಮಾಲು ಬಿಚ್ಚಿ ಅದರಲ್ಲೇ ಹಾವನ್ನು ಸುತ್ತತೊಡಗಿದ. ಆಗ ಇಳಿದು ಹತ್ತಿರ ಹೋದೆ. ದೊಡ್ಡ ಕಣ್ಣು, ತುಟಿಯ ಮೇಲೆ ಕಪ್ಪು ಗೆರೆಗಳು. ಅದು ಕೇರೆಹಾವು, ಹೊಲದ ಇಲಿ ತಿಂದು ಬದುಕುವ ಬಡಪಾಯಿ. ಸಾಹೇಬ ಪಕ್ಕದಲ್ಲೇ ನಿಂತಿದ್ದ. ನಾನು ರೈತನ ಜೊತೆ ಹಾವು ಸುಡಲು ಪುಳ್ಳೆ ಆರಿಸತೊಡಗಿದೆ.

ಮರುವರ್ಷ ಆ ರೈತನ ಕೂಸು ಹುಟ್ಟಿದ ವಾರಕ್ಕೇ ತೀರಿಕೊಂಡಿತು. ನಾಗಪ್ಪನ ಶಾಪವೆಂದು ಅವನು ಅಳುತ್ತಾನೆಂದು ಕೇಳಿ, ನಿಜ ಹೇಳಿಬಿಡಬೇಕೆಂದೇ ಅವನ ಮನೆಗೆ ಹೋದೆ. ಕಂಬಳಿ ಹಾಸಿ ಕೂಡಿಸಿದ. ಬೆಲ್ಲ, ನೀರು ತಂದಿಟ್ಟ.

“ಅವತ್ತ ನೀವ ಇದ್ದದ್ದು ನನ್ನ ಪುಣ್ಯರಿ ಮಾಸ್ತರ,” ಎಂದ. “ನನ್ನ ಕಣ್ಣಿಗಿ ಅದು ಕೇರಿಹಾವಿನಂಗ ಕಂಡಿತ್ತು. ನೀವ ಇರಲಿಲ್ಲಂದ್ರ ಸಂಸ್ಕಾರ ಮಾಡದ ಹಂಗ ಒಗದು ಬರತಿದ್ದೆ. ಶಾಪ ಇಡೀ ಮನಿನ ನುಂಗತಿತ್ತು.”

ನಾನು ಬೆಲ್ಲ ತಿಂದು, ನೀರು ಕುಡಿದು, ಎದ್ದು ಬಂದೆ.