ನನಗೆ ಕೇಳಿಸಿದ್ದು ಇಷ್ಟು

ಮೊನ್ನೆ ನಿಘಂಟಿನ ಬೆನ್ನು ಕಿತ್ತುಬಂತೆಂದು ಬೈಂಡರ್ ಅಂಗಡಿಗೆ ಹೋಗಿದ್ದೆ. ಆತ ಒಲೆಯ ಮೇಲೆ ಮೈದಾ ಅಂಟು ಕಾಯಿಸುತ್ತಿದ್ದ. ಹುಳ ಹಿಡಿಯದಿರಲೆಂದು ಚೂರು ಮೈಲುತುತ್ತ ಹಾಕಿ ಕದಡಿದ. ಅರೆಬೆಂದ ಮೈದಾದ ಆ ವಾಸನೆ ಮೂಗಿಗೆ ಬಡಿದದ್ದೇ, ಐವತ್ತರ ದಶಕದ ನಮ್ಮ ಕಾಲೇಜಿನ ಕಾರಿಡಾರು ಕಣ್ಣೆದುರು ಬಂತು. ಅಲ್ಲಿ ಅವಳೂ ಇದ್ದಳು, ಮುಂದಿನ ಬೆಂಚಿನ ನನ್ನ ಸಹಪಾಠಿ. ನೆನಪನ್ನು ನಾನು ಸುಲಭಕ್ಕೆ ನಂಬುವವನಲ್ಲ. ತತ್ವಶಾಸ್ತ್ರ ಓದಿ ಕಲಿತದ್ದು ಅದೊಂದೇ. ಆದರೂ...

ಶನಿವಾರ ಕ್ಲಾಸು ಮುಗಿದ ಮೇಲೆ ನಾವು ಕೆಲವರು ಸೇರಿ, ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದೆವು. ಒಬ್ಬ ಓದುವುದು, ಉಳಿದವರು ‘ಅಮೋಘ’ ಎನ್ನುವುದು, ಕಡಲೆಕಾಯಿ ತಿಂದು ಏಳುವುದು. ಕುಂಬಾರಕೊಪ್ಪಲಿನಿಂದ ನಡೆದು ಬರುತ್ತಿದ್ದ ಅವಳು ಈ ಏರ್ಪಾಟನ್ನು ಕೆಡಿಸಿಬಿಟ್ಟಳು. ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಅವಳು ಹೇಳುತ್ತಲೇ ಇರಲಿಲ್ಲ. “ನನಗೆ ಕೇಳ್ಸಿದ್ದು ಇಷ್ಟು” ಎಂದು ನಮ್ಮ ಬರಹವನ್ನು ನಮಗೇ ತಿರುಗಿ ಹೇಳುತ್ತಿದ್ದಳು. ಅವಳ ಬಾಯಲ್ಲಿ ಬಾರದೆ ಹೋದದ್ದು ಕೇಳುಗರನ್ನು ಮುಟ್ಟಿಲ್ಲ ಎಂದು ನಾವೇ ತಿಳಿದುಕೊಳ್ಳಬೇಕಿತ್ತು.

ಒಮ್ಮೆ ನಾನೊಂದು ಉದ್ದದ ಕತೆ ಓದಿದೆ. ಅರ್ಧದಷ್ಟು ಬದುಕಿನ ನಶ್ವರತೆಯ ಚರ್ಚೆಯೇ ಇತ್ತು. ಅವಳು ಹೇಳಿದಳು: “ಒಬ್ಬ ತಾಯಿ ಬೀದಿ ನಲ್ಲಿ ಮುಂದೆ ಕೊಡ ಇಟ್ಕೊಂಡು ಕಾಯ್ತಾಳೆ. ನೀರು ಬರಲ್ಲ. ಕೊಡ ಅಲ್ಲೇ ಬಿಟ್ಟು ಮನೇಗೆ ಹೋಗ್ತಾಳೆ.”

“ಮತ್ತೆ ಆ ಚರ್ಚೆ?” ಎಂದೆ.

“ಅದೂ ಇತ್ತಾ?”

ಎಲ್ಲರೂ ನಕ್ಕರು. ನಾನು ವಿವರಿಸಲು ಹೊರಟೆ. ಅವಳು ತಡೆದಳು: “ಬರೆದೋರು ಬಾಯಿ ಮುಚ್ಕೊಂಡಿರ್ಬೇಕು ಕಣ್ರೀ. ಓದೋರ ಮನೇಗೆಲ್ಲ ಹೋಗಿ, ಪಕ್ಕದಲ್ಲಿ ಕೂತ್ಕೊಂಡು ಅರ್ಥ ಹೇಳ್ತೀರಾ?”

ಸಿಟ್ಟು ಬಂತು. ಆದರೆ ಮಾರನೆಯ ದಿನ ಚರ್ಚೆಯನ್ನೆಲ್ಲ ಹೊಡೆದುಹಾಕಿದೆ. ಕೊಡ ಉಳಿಯಿತು. ನನ್ನ ಮೊದಲ ಕತೆ ಅದೇ ಎಂದು ಇಂದಿಗೂ ಎಣಿಸುತ್ತೇನೆ.

ಆ ವರ್ಷ ಕಾಲೇಜಿನ ವಾರ್ಷಿಕ ಸಂಚಿಕೆಗೆ ಅವಳದೊಂದು ಕತೆ ಆಯ್ಕೆಯಾಗಿತ್ತು. ಮಾತುಬಿಟ್ಟ ಇಬ್ಬರು ನೆರೆಯವರ ಕತೆ. ಗೋಡೆಯಾಚೆಯವಳು ಜ್ವರ ಬಂದು ಮಲಗಿದಾಗ, ಈಚೆಯವಳು ತನ್ನ ಕೋಳಿಗೆ ಗಟ್ಟಿಯಾಗಿ ಬೈಯುತ್ತಾಳೆ: “ಎದ್ದು ಒಂದ್ ಗುಟುಕು ಗಂಜಿ ಕುಡಿಯೇ, ಹಾಳಾದ್ದೇ!” ಮಗಳ ಹೆಸರು ಅಚ್ಚಿನಲ್ಲಿ ಬರುತ್ತದೆಂದು ಅವಳಪ್ಪ, ಹೊಲ ಮಾಡಿಕೊಂಡಿದ್ದವರು, ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು.

ಅಷ್ಟರಲ್ಲಿ ಒಂದು ಶನಿವಾರ, ಸಂಚಿಕೆ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ನಮ್ಮ ನಡುವೆ ಬಂದು ಕೂತು ತಮ್ಮ ಪ್ರಬಂಧವನ್ನೇ ಓದಿದರು. ನಾವು ‘ಅಮೋಘ’ ಎಂದೆವು. ಅವರು ಅವಳ ಕಡೆ ತಿರುಗಿ, “ನೀನೇನಮ್ಮ ಹೇಳ್ತೀಯ?” ಎಂದರು.

ಅವಳು ಎದ್ದು ನಿಂತಳು. “ನನಗೆ ಕೇಳ್ಸಿದ್ದು ಇಷ್ಟು ಸಾರ್. ಒಬ್ರು ಕೆರೆ ಏರಿ ಮೇಲೆ ನಿಂತಿದ್ರು. ಸೂರ್ಯ ಮುಳುಗ್ದ.”

“ಆಮೇಲೆ?”

“ಆಮೇಲಿಂದು ಏನೂ ಉಳೀಲಿಲ್ಲ ಸಾರ್.”

ಸೋಮವಾರ ಅಪ್ಪಣೆಯಾಯಿತು: ಕ್ಷಮೆ ಕೇಳಬೇಕು, ಇಲ್ಲವಾದರೆ ಕತೆ ಸಂಚಿಕೆಯಿಂದ ಹೊರಗೆ. “ಒಂದ್ ಮಾತು ಹೇಳ್ಬುಡ್ರೀ, ನಿಮ್ಮ ಗಂಟೇನು ಹೋಗುತ್ತೆ?” ಎಂದು ನಾವೆಲ್ಲ ಗೋಗರೆದೆವು. “ಹೇಳ್ಬುಟ್ರೆ, ನಿಮಗೆಲ್ಲ ಇಷ್ಟು ದಿನ ಹೇಳಿದ್ದೂ ಸುಳ್ಳಾಗ್ಬುಡುತ್ತೆ” ಎಂದಳು. ನೇರ ಮೇಷ್ಟ್ರ ಕೋಣೆಯ ಬಾಗಿಲಿಗೆ ಹೋದಳು. “ನಾನು ತಪ್ಪು ಕೇಳಿಸ್ಕೊಂಡಿದ್ರೆ ಇನ್ನೊಂದ್ಸಲ ಓದಿ ಸಾರ್. ಇನ್ನೊಂದ್ಸಲ ಹೇಳ್ತೀನಿ.”

ಕತೆ ಹೊರಗೆ ಬಿತ್ತು.

ಆಗ ನಾವು ಅದನ್ನು ದಪ್ಪಕ್ಷರದಲ್ಲಿ ದೊಡ್ಡ ಹಾಳೆಗಳ ಮೇಲೆ ಬರೆದು, ಬೆಳಿಗ್ಗೆ ಗಂಟೆ ಹೊಡೆಯುವ ಮುಂಚೆ ಕಾರಿಡಾರಿನ ಉದ್ದಕ್ಕೂ ಮೈದಾ ಅಂಟಿನಲ್ಲಿ ಮೆತ್ತಿದೆವು. ಅಂಟಿನ ಡಬ್ಬ ಹಿಡಿದಿದ್ದವನು ನಾನು. ತಾನೆಂದು ಇನ್ನೊಬ್ಬ ಗೆಳೆಯ ಕೊನೆಯವರೆಗೂ ವಾದಿಸಿದ, ಅವನೇ ಇರಬಹುದು... ಹುಡುಗರು ಕ್ಲಾಸು ಬಿಟ್ಟು ನಿಂತು ಓದಿದರು. ಅವಳಪ್ಪನೂ ಬಂದಿದ್ದರು. ಅವರಿಗೆ ಓದು ಬಾರದು. ಅವಳೇ ಹಾಳೆಯಿಂದ ಹಾಳೆಗೆ ನಡೆಯುತ್ತಾ ಗಟ್ಟಿಯಾಗಿ ಓದಿ ಹೇಳಿದಳು. ಕೋಳಿಯ ಮಾತು ಬಂದಾಗ ಅವರು ಟವಲ್ಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಿಜಕ್ಕೂ ಬಂದಿದ್ದರೇ? ಬರಬೇಕಿತ್ತೆಂದು ನಾನೇ ಕರೆಸಿಕೊಂಡೆನೇ? ತಿಳಿಯದು. ಮಧ್ಯಾಹ್ನದ ಹೊತ್ತಿಗೆ ಜವಾನ ಎಲ್ಲವನ್ನೂ ಕೆರೆದು ತೆಗೆದ. ಗೋಡೆಯ ಮೇಲೆ ಅಂಟಿನ ಚೌಕಗಳು ಮಾತ್ರ ಬಹಳ ಕಾಲ ಹಾಗೇ ಇದ್ದವು.

ಹೋದ ವರ್ಷ ಅವಳು ತೀರಿಕೊಂಡಳು. ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬೊಬ್ಬರೂ ‘ಮೇರು ಚೇತನ’ ಎಂದರು. ನಾನು ಎದ್ದು ಕೋಳಿಯ ಕತೆ ಹೇಳಿದೆ. ಇದೇನು ಇಂಥ ಹೊತ್ತಿನಲ್ಲಿ ಎಂದು ಮುಂದಿನ ಸಾಲಿನವರು ಮುಖ ಸಿಂಡರಿಸಿದರು. ಸಿಂಡರಿಸಲಿ. ಆ ಹಾಳೆಗಳು ಯಾರ ಬಳಿಯೂ ಇಲ್ಲ. ಕತೆಯಲ್ಲಿ ಆ ಗೋಡೆ, ಆ ಬೈಗುಳ ಬಿಟ್ಟು ಇನ್ನೇನಿತ್ತೋ ನನಗೂ ನೆನಪಿಲ್ಲ. ಕೇಳೋಣವೆಂದರೆ, ಬರೆದವಳು ತನ್ನ ನಿಯಮದಂತೆ ಬಾಯಿ ಮುಚ್ಚಿದ್ದಾಳೆ.

ನನಗೆ ಕೇಳಿಸಿದ್ದು ಇಷ್ಟು. ತಪ್ಪಾಗಿದ್ದರೆ ಬಂದು ಇನ್ನೊಂದು ಸಲ ಓದಲಿ. ಇನ್ನೊಂದು ಸಲ ಹೇಳುತ್ತೇನೆ.