ತಪ್ಪು ಯಾರದೆಂದು ಬರೆಯುವ ಸಾಲು

ಬೆಳಗಿನ ಐದೂಕಾಲು. ಇಸ್ತ್ರಿ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು, ಕಾಲಿಗೆ ಕಂಬಳಿ ಸುತ್ತಿಕೊಂಡು ಕೂತ ಈಕೆ ತಮ್ಮ ಅಪ್ಪನ ಹೆಸರನ್ನು ಟೈಪ್ ಮಾಡುತ್ತಿದ್ದಾರೆ. ತಂತ್ರಾಂಶದ ಒಂದು ದೋಷ ಹುಟ್ಟಿದ್ದು ಅಪ್ಪನ ಕೈಯಲ್ಲಿ ಎಂದು ಜಗತ್ತಿಗೆಲ್ಲ ತಿಳಿಸುವ ಸಾಲು ಅದು. ಪಕ್ಕದ ಕೋಣೆಯಲ್ಲಿ ಅದೇ ಅಪ್ಪ ಕೆಮ್ಮುತ್ತಿದ್ದಾರೆ. ಇವರ ಕೆಲಸದ ಬಗ್ಗೆ ಬರೆಯಲು ಬಂದು ನಾನು ಎದುರಿಗೆ ಕೂತಿದ್ದೇನೆ. ಹೆತ್ತವರ ಮಾನವನ್ನು ಹೀಗೆ ಬೆಳ್ಳಂಬೆಳಗ್ಗೆ ಹರಾಜಿಗಿಡುವವರನ್ನು ನಾನಂತೂ ಕಂಡಿಲ್ಲ.

"ನಮ್ಮಲ್ಲಿ ಇದೇ ಕ್ರಮ," ಎನ್ನುತ್ತಾರೆ, ತಲೆ ಎತ್ತದೆ. "ತಪ್ಪು ತಿದ್ದಿದ್ರೆ, ಅದು ಯಾವ ಬದಲಾವಣೆಯಿಂದ ಬಂತು ಅಂತ ಕೆಳಗೆ ಬರೀಲೇಬೇಕು. ಅದರ ಜೊತೆ ಬರೆದವರ ಹೆಸರೂ ಹೊರಗೆ ಬರುತ್ತೆ. ಅಪ್ಪ ಅಂತ ಬಿಡೋಕಾಗುತ್ತಾ?"

ಹಗಲಲ್ಲಿ ನಲವತ್ತರ ಈಕೆ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುತ್ತಾರೆ. ಬೆಳಗಿನ ಮೂರು ತಾಸು ಮಾಡುವ ಕೆಲಸ ಕೇಳಿದರೆ ತಲೆ ಗಿರ್ರೆನ್ನುತ್ತದೆ. ಕಂಪ್ಯೂಟರನ್ನು ನಡೆಸುವ ತಂತ್ರಾಂಶದ ತೀರಾ ಒಳಗಿನ ಭಾಗಕ್ಕೆ ಕರ್ನೆಲ್ ಎಂದು ಹೆಸರು. ಜಗತ್ತಿನ ಸಾವಿರಾರು ಜನ ಇಮೇಲ್ ಪತ್ರಗಳಲ್ಲೇ ಒಬ್ಬರದನ್ನೊಬ್ಬರು ಪರಿಶೀಲಿಸುತ್ತ ಅದನ್ನು ತಿದ್ದುತ್ತಿರುತ್ತಾರೆ, ಈಕೆಯೂ ಅವರಲ್ಲೊಬ್ಬರು. ಕರ್ನೆಲ್ ಮೆಮೊರಿಯನ್ನು, ಅಂದರೆ ಕಂಪ್ಯೂಟರಿನ ನೆನಪಿನ ಜಾಗವನ್ನು, ಒಂದೇ ಅಳತೆಯ ಪುಟಗಳಾಗಿ ಹಂಚಿಟ್ಟಿರುತ್ತದೆ. ಪ್ರತಿ ಪುಟಕ್ಕೂ, ಅದು ಯಾರ ವಶದಲ್ಲಿದೆ ಎಂದು ಹೇಳುವ ಪುಟ್ಟ ಚೀಟಿ. ಇಂಟರ್‌ನೆಟ್‌ನಿಂದ ಬಂದದ್ದನ್ನು ಹಿಡಿದಿಡುವ ವಿಭಾಗ ತನ್ನ ಗುರುತನ್ನೂ ಅದೇ ಚೀಟಿಯ ಖಾಲಿ ಮೂಲೆಯಲ್ಲಿ ಗೀಚುತ್ತ ಬಂದಿದೆ. ಇಪ್ಪತ್ತೆರಡು ವರ್ಷದ ಹಿಂದೆ ಆ ಉಪಾಯ ಹೊಳೆದದ್ದು ಅಪ್ಪನಿಗೆ. ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸದ ಬಿಡುವಿನಲ್ಲಿ ಬರೆದದ್ದು. ಈಗ ಆ ವಿಭಾಗಕ್ಕೆ ಬೇರೆಯದೇ ಚೀಟಿ ಮಾಡಿಕೊಟ್ಟು ಹಳೆಯ ಗೋಜಲು ಬಿಡಿಸುವುದು ಮಗಳ ಪಾಲಿಗೆ ಬಂದಿದೆ. ಎರಡು ವರ್ಷ, ನಲವತ್ತೊಂದು ತಿದ್ದುಪಡಿ, ಏಳು ಸಲ ವಾಪಸು. ದಿನಕ್ಕೆ ನೂರೆಂಬತ್ತು ಪತ್ರ ಓದಬೇಕು, ಹೊಗಳಿಕೆಯದು ಒಂದೂ ಇರುವುದಿಲ್ಲ. ಇವರ ಕೆಲಸ ಸರಿಯಾದಷ್ಟೂ ಅದು ಯಾರಿಗೂ ಗೊತ್ತೇ ಆಗುವುದಿಲ್ಲ.

ಹೀಗೆ ಬಿಡಿಸುವಾಗಲೇ ದೋಷ ಸಿಕ್ಕಿದ್ದು. ಪುಟವನ್ನು ಹಿಂದಿರುಗಿಸುವಾಗ ಒಂದೇ ಒಂದು ಕಡೆ ಗುರುತು ಅಳಿಯುವುದಿಲ್ಲ. ಪುಟ ಬೇರೆಯವರ ವಶಕ್ಕೆ ಹೋದ ಮೇಲೂ ತನ್ನದೇ ಎಂದುಕೊಂಡು ಈ ವಿಭಾಗ ಅದರಲ್ಲಿ ಬರೆಯುತ್ತದೆ.

"ಅಂದ್ರೆ, ಯಾರದೋ ಪತ್ರದ ಚೂರು ನನ್ನ ಫೋಟೋದೊಳಗೆ ಬಂದು ಕೂರಬಹುದಾ?" ಎನ್ನುತ್ತೇನೆ.

"ಕೂರಬಹುದು. ಎಲ್ಲೋ ಕೋಟಿಗೊಂದು ಸಲ."

"ಎಷ್ಟು ವರ್ಷದಿಂದ?"

"ಇಪ್ಪತ್ತೆರಡು."

ಕೈಯಲ್ಲಿದ್ದ ಲೋಟ ಕೆಳಗಿಡುತ್ತೇನೆ. ಇಷ್ಟು ಕಾಲ ನಾವೆಲ್ಲ ಯಾವ ಧೈರ್ಯದ ಮೇಲೆ ಕಣ್ತುಂಬ ನಿದ್ದೆ ಮಾಡಿದೆವೋ!

ಅಪ್ಪನಿಗೀಗ ಎಪ್ಪತ್ತಾರು. ಬಂದ ನೆಂಟರಿಗೆಲ್ಲ ಅವರು ಹೆಮ್ಮೆಯಿಂದ ಹೇಳಿಕೊಳ್ಳುವುದು ಆ ಉಪಾಯವೊಂದನ್ನೇ. "ಮೂರು ದಿನದಿಂದ ಅವರ ಮುಖ ನೋಡೋಕಾಗ್ತಿಲ್ಲ," ಎನ್ನುತ್ತಾರೆ ಮಗಳು. "ಆದ್ರೆ ಈ ಸಾಲು ಬಿಟ್ರೆ, ಹಳೇ ಯಂತ್ರ ಇಟ್ಕೊಂಡವರಿಗೆ ತಮ್ಮದರಲ್ಲೂ ದೋಷ ಇದ್ಯಾ ಅಂತ ಗೊತ್ತಾಗಲ್ಲ." ಆರು ಗಂಟೆಗೆ ಪತ್ರ ಕಳಿಸಿಯೇಬಿಡುತ್ತಾರೆ.

ಆರೂ ಮುಕ್ಕಾಲಿಗೆ ಉತ್ತರ ಬರುತ್ತದೆ. ಬಂದದ್ದು ಪಕ್ಕದ ಕೋಣೆಯಿಂದಲೇ, ಆದರೆ ಬಾಯಿಮಾತಲ್ಲ, ಸಾವಿರಾರು ಜನ ಓದುವ ಪತ್ರವಾಗಿ. ಅಪ್ಪ ಬರೆದಿದ್ದಾರೆ: "ತಿದ್ದುಪಡಿ ಸರಿಯಿದೆ. ಹೆಸರು ತಪ್ಪು. ನನ್ನ ಬದಲಾವಣೆಯಲ್ಲಿ ಗುರುತು ಅಳಿಸುವ ಸಾಲಿತ್ತು. ಮರುವರ್ಷ ಅದನ್ನು ತೆಗೆದುಹಾಕಿದ್ದಾರೆ. ಯಾರೆಂದು ನೋಡಿ."

ಮಗಳು ಹಳೆಯ ದಾಖಲೆ ಕೆದಕುತ್ತಾರೆ. ತೆಗೆದವರ ಹೆಸರು ಪರದೆಯ ಮೇಲೆ ಮೂಡುತ್ತದೆ. ಅದು ಅವರದೇ! ಹತ್ತೊಂಬತ್ತನೇ ವಯಸ್ಸಿನಲ್ಲಿ ಕಳಿಸಿದ ಮೊಟ್ಟಮೊದಲ ತಿದ್ದುಪಡಿ. 'ಬೇಡದ ಸಾಲು' ಎಂದು ಷರಾ ಬರೆದು ಅಳಿಸಿದ್ದಾರೆ. ಅದರ ಕೆಳಗೆ 'ಪರಿಶೀಲಿಸಿದ್ದೇನೆ' ಎಂದು ಅಪ್ಪನ ಸಹಿ. ಆಕೆ ಪರದೆಯ ಮೇಲೆ ಬೆರಳಿಟ್ಟು ಅದನ್ನು ಮತ್ತೊಮ್ಮೆ ಓದುತ್ತಾರೆ.

ಅಪ್ಪ ಬಾಗಿಲಿಗೆ ಬಂದು ನಿಲ್ಲುತ್ತಾರೆ. "ಅವತ್ತು ನಾನು ಓದಲೇ ಇಲ್ಲಮ್ಮ. ಮಗಳು ಮೊದಲನೇ ಸಲ ಬರೆದಿದ್ದಾಳೆ ಅನ್ನೋ ಖುಷೀಲಿ ಕಣ್ಣುಮುಚ್ಚಿ ಸಹಿ ಹಾಕಿದೆ."

"ಇದನ್ನ ಇಲ್ಲೇ ಬಂದು ಹೇಳಬಹುದಿತ್ತಲ್ಲಪ್ಪಾ!"

"ನೀನು ನನ್ನ ಹೆಸರನ್ನ ಊರಿಗೆಲ್ಲ ಸಾರಿದೆ. ನಾನ್ಯಾಕೆ ಕಿವೀಲಿ ಹೇಳ್ಲಿ?"

ಹತ್ತೇ ನಿಮಿಷದಲ್ಲಿ ಪತ್ರ ಮತ್ತೆ ಹೋಗುತ್ತದೆ, ದೋಷದ ಸಾಲಿನಲ್ಲಿ ಮಗಳದೇ ಹೆಸರು ಹೊತ್ತು. ಎಂಟಾಗುತ್ತ ಬಂದಿದೆ, ಅಂಗಡಿಗೆ ಹೊತ್ತಾಯಿತು. ನಾಚಿಕೆಯಾಗಲಿಲ್ಲವೇ ಎಂದು ಕೇಳುತ್ತೇನೆ.

"ಆಯ್ತು. ಯಾಕೆ ಆಗಲ್ಲ?" ಚಪ್ಪಲಿ ಮೆಟ್ಟುತ್ತ ಅಪ್ಪನ ಕೋಣೆಯ ಕಡೆ ನೋಡುತ್ತಾರೆ. "ಇನ್ನು ಉಳಿದ ನಲವತ್ತು ತಿದ್ದುಪಡೀನೂ ಅವರೇ ಓದಬೇಕು, ಒಂದೊಂದು ಸಾಲೂ. ಅದೊಂದೇ ಆಸೆ. ಇವತ್ತು ಮಗಳು ಅಂತ ಬಿಡ್ಲಿಲ್ಲ, ನೋಡಿದ್ರಲ್ಲ?"