ಅಜ್ಜನ ಬರ್ಲಿನ್

ರಾಣೆಬೆನ್ನೂರಿನ ನಮ್ಮ ಗರಡಿಯಲ್ಲಿ ಕೆಂಪು ಮಣ್ಣಿಗೆ ಇಳಿಯುವ ಮುಂಚೆ ಪೈಲ್ವಾನರೆಲ್ಲ ನನ್ನ ಅಜ್ಜನ ಫೋಟೊ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಅದರ ಕೆಳಗೆ ಗೋಡೆಯ ಮೇಲೆ ‘೧೯೩೬, ಬರ್ಲಿನ್ ಒಲಿಂಪಿಕ್’ ಎಂದು ಬಣ್ಣದಲ್ಲಿ ಬರೆದಿದೆ. ಅದು ಶುದ್ಧ ಸುಳ್ಳು. ಹೇಳಿದ ಭೂಪ ನಾನೇ. ನಾಲ್ಕನೇ ಇಯತ್ತೆಯಲ್ಲಿದ್ದಾಗ, ಗೆಳೆಯರ ಮುಂದೆ ಜಂಬ ಕೊಚ್ಚಿಕೊಳ್ಳಲು ಹೇಳಿದ್ದೆ. ನಿಜವೆಂದರೆ ಆ ವರ್ಷ ಅಜ್ಜ ಬ್ಯಾಡಗಿಯ ಕುಸ್ತಿಯಲ್ಲಿ ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದ. ನಾನು ಸುಳ್ಳು ಹೇಳುವ ಹೊತ್ತಿಗೆ ಅವನು ತೀರಿಕೊಂಡಿದ್ದ. ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದ ಆಗಿನ ವಸ್ತಾದರು ನನ್ನ ಮಾತು ನಂಬಿ ಗೋಡೆಗೆ ಬರೆಸಿಬಿಟ್ಟರು. ಆಮೇಲೆ ಬಾಯಿ ಬಿಡಲು ನನಗೆ ಧೈರ್ಯ ಬರಲಿಲ್ಲ.

ಹೋದ ತಿಂಗಳು ನನ್ನ ಮೊಮ್ಮಗಳು ಹಾವೇರಿಯ ಕುಸ್ತಿಯಲ್ಲಿ ಮೊದಲ ಸುತ್ತಿಗೇ ಚಿತ್ತಾದಳು. ಮರುದಿನ ಗರಡಿಗೆ ಬಂದವಳು ತಲೆ ತಗ್ಗಿಸಿ ಬಾಗಿಲಲ್ಲೇ ನಿಂತಳು.

“ಯಾಕವ್ವಾ, ಒಳಗ ಬಾ,” ಎಂದೆ.

“ಬ್ಯಾಡ ಅಜ್ಜಾ. ಅವರು ಬರ್ಲಿನ್‌ಗೆ ಹೋಗಿ ಬಂದೋರು. ನಾ ಹಾವೇರಿಯೊಳಗ ಸೋತು ಬಂದೇನಿ. ಯಾವ ಮುಖ ಇಟ್ಕೊಂಡು ಫೋಟೊ ಮುಟ್ಟಲಿ?”

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಈಗಿನ ವಸ್ತಾದರು ಬಂದು ಅವಳ ಬೆನ್ನು ತಟ್ಟಿದರು. ನನ್ನ ಕಡೆ ತಿರುಗಿ, “ಮನಷ್ಯಾಗ ಇಷ್ಟರ ನಾಚಿಕಿ ಇರಬೇಕು ನೋಡ್ರಿ,” ಎಂದು ನಕ್ಕರು.